ಫ್ರಿಜ್ಜಿನ ಗಿಡ್ಡ ಕಾಲು

ನಿವೃತ್ತ ಇಂಜಿನಿಯರ್ ನಂಜುಂಡಾರಾಧ್ಯರು ತಮ್ಮ ಮನೆಯನ್ನು ತಾವೇ ನಿಂತು ಕಟ್ಟಿಸಿದವರು. ಹಾಗಾಗಿ ಅದರಲ್ಲಿ ತಪ್ಪು ಇರುವಂತಿರಲಿಲ್ಲ. ಆದರೆ ಹೊಸ ಫ್ರಿಜ್ಜಿನ ಬಾಗಿಲು ಎಷ್ಟು ಸಲ ಮುಚ್ಚಿದರೂ ತಾನಾಗಿ ತೆರೆದುಕೊಳ್ಳುತ್ತಿತ್ತು. ಮೂರು ದಿನ ಹಾಲು ಒಡೆಯಿತು. ಬೈಗುಳ ತಿಂದವಳು ಅಡುಗೆಯ ಸಾಕಮ್ಮ.

"ನಾಳೆಯೂ ಒಡೆದರೆ ನೀನು ಕೆಲಸಕ್ಕೆ ಬರಬೇಡ" ಎಂದುಬಿಟ್ಟರು.

ರಿಪೇರಿಗೆ ಬಂದ ಮೆಕ್ಯಾನಿಕ್ ಬಗ್ಗಿ ನೋಡಿದ. "ಸರ್, ನಿಮ್ಮ ನೆಲ ಮುಂದಕ್ಕೆ ಇಳಿಜಾರಾಗಿದೆ. ಫ್ರಿಜ್ಜಿನ ಮುಂದಿನ ಕಾಲು ತಿರುಗಿಸಿ ಎತ್ತರಿಸಿದರೆ..."

"ನನ್ನ ನೆಲ ಇಳಿಜಾರೇ? ಮೂವತ್ತು ವರ್ಷ ಸೇತುವೆ ಕಟ್ಟಿಸಿದವನು ನಾನು! ನಡಿ ಆಚೆ!"

ಮೆಕ್ಯಾನಿಕ್ ಚೀಲ ಎತ್ತಿಕೊಂಡ. ಅವನ ಜೊತೆಗೆ ತನ್ನ ಕೆಲಸವೂ ಹೊಸಿಲು ದಾಟುತ್ತಿದೆ ಎಂದು ಸಾಕಮ್ಮನಿಗೆ ಗೊತ್ತಾಯಿತು. ಸೆರಗಿಗೆ ಕೈ ಒರೆಸುತ್ತಾ ಅಡ್ಡ ನಿಂತಳು.

"ಅಯ್ಯಾವ್ರು ಹೇಳೋದೇ ಸರಿ ಕಣಪ್ಪ. ಅವರ ನೆಲಕ್ಕೇನಾಗಿದೆ? ನಿಮ್ಮ ಫ್ರಿಜ್ಜಿನ ಮುಂಗಾಲೇ ಗಿಡ್ಡ. ಇಂಥ ಮಾಲು ತಂದು ಇಂಥವರ ಮನೇಲಿ ನಿಲ್ಲಿಸಿದ್ದೀರಲ್ಲ! ಮೊದಲು ಅದರ ಕಾಲು ಉದ್ದ ಮಾಡು, ಆಮೇಲೆ ಹೋಗು."

ಆರಾಧ್ಯರ ಮುಖ ಅರಳಿತು. "ನೋಡಯ್ಯಾ, ಅಡುಗೆಯವಳಿಗೆ ಗೊತ್ತಾಗಿದ್ದು ನಿನಗೆ ಗೊತ್ತಾಗಲಿಲ್ಲ! ಮಾಡು, ನನ್ನೆದುರೇ ಮಾಡು."

ಮೆಕ್ಯಾನಿಕ್ ಕಾಲನ್ನು ನಾಲ್ಕು ಸುತ್ತು ತಿರುಗಿಸಿದ. ಬಾಗಿಲು ತಾನೇ ಬಂದು ಮುಚ್ಚಿಕೊಂಡಿತು. ಆರಾಧ್ಯರು ಗಿಡ್ಡ ಕಾಲಿನ ಬಗ್ಗೆ ಕಂಪನಿಗೆ ಖಾರವಾಗಿ ಪತ್ರ ಬರೆಯಲು ಒಳಗೆ ಹೋದರು.

ಮೆಟ್ಟಿಲ ಬಳಿ ಮೆಕ್ಯಾನಿಕ್ ಕೇಳಿದ: "ಅಕ್ಕಾ, ನಿಜ ಹೇಳಿ, ನೆಲ ಇಳಿಜಾರು ತಾನೆ?"

"ಮೆಲ್ಲಗೆ ಮಾತಾಡಪ್ಪ! ಒಲೆ ಹತ್ತಿರ ಒಂದು ಬಿಂದಿಗೆ ನೀರು ಸುರಿದರೆ, ಅದು ತಾನಾಗೇ ನೆಲ ತೊಳೆದುಕೊಂಡು ಹಿತ್ತಿಲ ಬಾಗಿಲಿಗೆ ಬರುತ್ತೆ. ಅವರು ಒಪ್ಪಿಕೊಂಡು ಸರಿ ಮಾಡಿಸಿಬಿಟ್ಟರೆ ನನ್ನ ಸೊಂಟದ ಗತಿ ಏನು?"