ಕೂಸು ಮಲಗಿಸಿದ ಅಡಿವೆಪ್ಪ

ಈ ಕತೆಯ ಕೊನೆ ನನಗೆ ಗೊತ್ತಾದದ್ದು ಹನ್ನೊಂದನೆಯ ವಯಸ್ಸಿಗೆ. ಅದಕ್ಕೂ ಮೊದಲು ಕೇಳಿರಲಿಲ್ಲ ಅಂತಲ್ಲ. ಬೇಸಿಗೆ ಸೂಟಿಯಲ್ಲಿ ಮಾಳಿಗೆಯ ಮೇಲೆ ಕೌದಿ ಹಾಸಿ ನಾವು ಏಳು ಮಕ್ಕಳು ಸಾಲಾಗಿ ಮಲಗುತ್ತಿದ್ದೆವು. ನಿದ್ದೆ ಬರೋದಿಲ್ಲ ಅಂತ ಹಟ ಹಿಡಿದ ದಿನವೆಲ್ಲ ದೊಡ್ಡವ್ವ ಇದೇ ಕತೆ ತೆಗೆಯುತ್ತಿದ್ದಳು. ಕತೆಯಲ್ಲಿ ರುಬ್ಬುವ ಗುಂಡಕಲ್ಲು ಬೀಳುವ ಹೊತ್ತಿಗೆ ನನಗೆ ಕಣ್ಣು ಹತ್ತಿಬಿಡುತ್ತಿತ್ತು. ಒಂದು ಸಲ ಜ್ವರ ಬಂದು ಮೈ ಕೆಂಡವಾಗಿ, ಉಳಿದ ಆರೂ ಮಂದಿ ಮಲಗಿದ ಮೇಲೂ ನಾನೊಬ್ಬ ಎಚ್ಚರವಿದ್ದೆ. ಅವತ್ತು ಪೂರ್ತಿ ಕೇಳಿದೆ. ಈಗ ಆ ಮಾಳಿಗೆ ಇಲ್ಲ, ದೊಡ್ಡವ್ವನೂ ಇಲ್ಲ. ಅವಳು ಹೇಳಿದ ಹಾಗೆಯೇ ಹೇಳುತ್ತೇನೆ. ನಡುವೆ ನಿಮಗೆ ನಿದ್ದೆ ಬಂದರೆ ನನಗೇನೂ ಸಿಟ್ಟಿಲ್ಲ, ಕತೆ ಇರುವುದೇ ಅದಕ್ಕೆ.

ಹೊಳೆಯ ದಂಡೆಗೊಂದು ಊರು. ಆ ಊರಲ್ಲಿ ಒಬ್ಬಳು ಹೊಳೆವ್ವ. ಹೊಳೆವ್ವನಿಗೆ ಒಬ್ಬ ಮಗ, ಅಡಿವೆಪ್ಪ. ವಯಸ್ಸು ಇಪ್ಪತ್ತೈದು, ಮೀಸೆ ಗೇಣುದ್ದ, ಬುದ್ಧಿ ಸಾಸಿವೆ ಕಾಳಷ್ಟು. ಕೆಟ್ಟವನಲ್ಲ. ಮೈಗಳ್ಳನೂ ಅಲ್ಲ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದ, ಅದೇ ಅವನ ರೋಗ. "ಕೊಡ ತಗೊಂಡು ಹೊಳಿಗೆ ಹೋಗು" ಅಂದರೆ ಹೋಗುತ್ತಿದ್ದ, ಹೊಳೆ ನೋಡಿ, ಖಾಲಿ ಕೊಡ ಹೊತ್ತು ತಿರುಗಿ ಬರುತ್ತಿದ್ದ. "ನೀರೆಲ್ಲೋ?" ಅಂದರೆ, "ಹೊಳ್ಯಾಗ ಅದಾವ ಬೇ, ಭಾಳ ಅದಾವ!" ಅನ್ನುತ್ತಿದ್ದ.

"ಹೇಳಾಕಿಗೆ ಬುದ್ಧಿ ಇಲ್ಲದಿದ್ರ ಕೇಳಾಂವಗರ ಬ್ಯಾಡೇನೋ!" ಅಂತ ಹೊಳೆವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಹಾಗಂತ ಬೇರೆಯವರು ಅವನನ್ನು ಪೆದ್ದ ಅಂದರೆ ಅವರ ಮೇಲೆ ಹರಿಹಾಯುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು.

ಹೀಗಿರುವಾಗ ಮಗಳು ನಿಂಬೆವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಗಂಡುಕೂಸು ಹುಟ್ಟಿತು. ಕೂಸು ಬಲು ಚೆಂದ, ಆದರೆ ಮಲಗಲೊಲ್ಲದು! ಹಗಲೂ ಅಳು, ರಾತ್ರಿಯೂ ಅಳು. ಬಜೆ ತೇಯ್ದು ನೆಕ್ಕಿಸಿದರು, ದೃಷ್ಟಿ ತೆಗೆದರು, ಹೊಟ್ಟೆಗೆ ಎಣ್ಣೆ ಹಚ್ಚಿದರು. ಊಹೂಂ! ಬಾಣಂತಿ ಹಗಲಾದರೂ ಒರಗುತ್ತಿದ್ದಳು. ಹೊಳೆವ್ವನಿಗೆ ಅದೂ ಇಲ್ಲ. ನೀರು ಕಾಯಿಸು, ರೊಟ್ಟಿ ಬಡಿ, ಬಟ್ಟೆ ಒಗೆ, ಕೂಸು ತಟ್ಟು. ರೊಟ್ಟಿ ಬಡಿಯುತ್ತ ಬಡಿಯುತ್ತ ತೂಕಡಿಸಿ ಹಿಟ್ಟಿನ ಮೇಲೆ ಹಣೆ ಇಡುತ್ತಿದ್ದಳು. ಅವಳು ದೇವರನ್ನು ಕೇಳಿದ್ದು ಬಂಗಾರವಲ್ಲ, ಆಯುಷ್ಯವಲ್ಲ. ಒಂದು ನಿದ್ದೆ, ಗಡದ್ದಾದ ಒಂದೇ ಒಂದು ನಿದ್ದೆ.

ಒಂದು ಮಧ್ಯಾಹ್ನ ಅವಳ ಕೈಲಾಗಲಿಲ್ಲ. ಮಗನನ್ನು ಕರೆದಳು. "ಅಡಿವ್ಯಾ, ನಾ ಒಂದ್ ಗಳಿಗಿ ಅಡ್ಡಾಗ್ತೀನಿ. ತೊಟ್ಟಿಲಾ ತೂಗು. ತೂಗೂದ ಬಿಡಬ್ಯಾಡ!"

"ಹಂಗ ಆಗಲಿ ಬೇ!"

ತೂಗಿದ. ಕೂಸು ಅತ್ತಿತು, ನಿಂಬೆವ್ವ ಬಂದು ಹಾಲು ಕುಡಿಸಲು ಎತ್ತಿಕೊಂಡು ಒಳಗೆ ಹೋದಳು. ಅಡಿವೆಪ್ಪ ತೂಗಿದ. ಬರಿದೇ ತೊಟ್ಟಿಲು ಅತ್ತ ಹೋಯಿತು, ಇತ್ತ ಬಂತು. ಕೊಂಡಿ ಕಿರಕ್ ಕಿರಕ್ ಅಂದು ಹೊಳೆವ್ವ ಎದ್ದು ಕೂತಳು. ನೋಡುತ್ತಾಳೆ, ತೊಟ್ಟಿಲಲ್ಲಿ ಕೂಸೇ ಇಲ್ಲ!

"ಏ ಮಬ್ಬಾ! ಬರೇ ತೊಟ್ಟಿಲಾ ತೂಗಿದ್ರ ಕೂಸಿಗೆ ಹೊಟ್ಟಿನೋವು ಬರತೈತೋ! ಹೆಸರಿಡೂ ದಿನಾ ನೋಡಲಿಲ್ಲೇನು? ಕೂಸಿನ್ನ ಹಾಕೂಕಿಂತ ಮೊದಲ ಗುಂಡಕಲ್ಲಿಗೆ ಕುಂಚಿಗಿ ಕಟ್ಟಿ, ಗುಂಡಪ್ಪ ಅಂತ ಕರದು ತೊಟ್ಟಿಲಿಗೆ ಹಾಕಿದ್ವಿ. ಯಾಕ? ತೊಟ್ಟಿಲಾ ಬರಿದ ತೂಗಬಾರದಂತ!"

"ಅಷ್ಟ ಹೌದಿಲ್ಲೋ ಬೇ? ಇನ್ನೊಮ್ಮಿ ಹಂಗ ಮಾಡ್ತೀನಿ!"

ಮರುದಿನ ಕೂಸನ್ನು ಎರೆಯಲು ಬಚ್ಚಲಿಗೆ ಒಯ್ದರು. ಎಣ್ಣೆ ಒತ್ತಿಸಿಕೊಂಡು, ಬಿಸಿನೀರು ಹೊಯ್ಯಿಸಿಕೊಂಡು, ಹೊಗೆ ಹಾಕಿಸಿಕೊಂಡು ಕೂಸು ಅಜ್ಜಿಯ ತೊಡೆಯ ಮೇಲೆಯೇ ಕಣ್ಣು ಮುಚ್ಚಿತು. ಹೊಳೆವ್ವ ಉಸಿರು ಬಿಗಿಹಿಡಿದು ಅದನ್ನು ತಾಯಿಯ ಮಗ್ಗುಲಿಗೆ ಮಲಗಿಸಿದಳು. ಚಟ್ನಿಯೊಂದು ರುಬ್ಬಿಟ್ಟರೆ ತಾನೂ ಮಲಗಬಹುದು ಅಂತ ಒರಳಿನ ಹತ್ತಿರ ಬಂದರೆ ಗುಂಡಕಲ್ಲೇ ಇಲ್ಲ!

"ಅಡಿವ್ಯಾ, ಗುಂಡಕಲ್ಲ ಎಲ್ಲೈತೋ?"

"ಶ್! ಸಣ್ಣಗ ಮಾತಾಡ ಬೇ. ಗುಂಡಪ್ಪ ಈಗಷ್ಟ ಮಲಗ್ಯಾನ!"

ನೋಡಿದರೆ ತೊಟ್ಟಿಲಲ್ಲಿ ಗುಂಡಕಲ್ಲು! ಅದರ ತಲೆಗೆ ಕೂಸಿನ ಕುಂಚಿಗೆ, ಕುಂಚಿಗೆಯ ಮೇಲೆ ದುಪ್ಪಟಿ, ಹಣೆ ಇರಬೇಕಾದ ಕಡೆ ಕಾಡಿಗೆಯ ಬೊಟ್ಟು. ಅಡಿವೆಪ್ಪ ಜೀಕುತ್ತಿದ್ದಾನೆ. ಹೊಳೆವ್ವ "ಬ್ಯಾಡೋ" ಅನ್ನುವುದಕ್ಕೂ ಹಳೆಯ ಹಗ್ಗ ಪಟ್ಟನೆ ಹರಿಯುವುದಕ್ಕೂ ಸರಿಹೋಯಿತು. ಗುಂಡಪ್ಪ ಉರುಳಿ ಬಂದು ಹಿತ್ತಾಳೆ ಹಂಡೆಗೆ ಬಡಿದ. ಢಣ್! ಕೂಸು ಎದ್ದು ಕಿರುಚಿತು. ಬಾಣಂತಿ ಎದ್ದು ಕಿರುಚಿದಳು. ಅಡಿವೆಪ್ಪ ಓಡಿಹೋಗಿ ಗುಂಡಕಲ್ಲನ್ನು ಎತ್ತಿಕೊಂಡು, "ಪೆಟ್ಟಾತೇನೋ ಗುಂಡೂ?" ಅಂತ ಸವರಿದ.

(ನಾನು ಮಲಗಿಬಿಡುತ್ತಿದ್ದದ್ದು ಇಲ್ಲಿ. ಅಷ್ಟು ದೊಡ್ಡ ಸಪ್ಪಳದಲ್ಲಿ ಹೇಗೆ ನಿದ್ದೆ ಬರುತ್ತಿತ್ತೋ! ದೊಡ್ಡವ್ವನ ಬಾಯಲ್ಲಿ ಆ ಢಣ್ ಕೂಡ ಮೆತ್ತಗೆ ಇರುತ್ತಿತ್ತು.)

ಹೊಳೆವ್ವ ಬಾವಿಯ ಹಗ್ಗ ತಂದು ತೊಟ್ಟಿಲನ್ನು ಮತ್ತೆ ತೊಲೆಗೆ ಬಿಗಿದಳು. ಬಿಗಿಯುತ್ತ ಬೈದಳು. "ಖೋಡಿ! ಕೂಸು ಮಲಗಿದ ಮನ್ಯಾಗ ಸಪ್ಪಳಾ ಆಗಬಾರದೋ! ಸಪ್ಪಳಾ ಮಾಡೂದು ಏನೇನೈತಿ ಎಲ್ಲಾ ಒಯ್ದು ಹೊರಗಿಡು. ಒಂದೂ ಉಳಸಬ್ಯಾಡ!"

"ಅಷ್ಟ ಹೌದಿಲ್ಲೋ ಬೇ? ಇನ್ನೊಮ್ಮಿ ಹಂಗ ಮಾಡ್ತೀನಿ!"

ಮೂರನೆಯ ದಿನ ದೇವರು ಕಣ್ಣು ತೆರೆದ. ಕೂಸು ತೊಟ್ಟಿಲಲ್ಲಿ ಮಲಗಿತು. ಹೊಳೆವ್ವ ಗೋಡೆಯ ಬದಿ ಚಾಪೆ ಹಾಸಿ, ತಲೆ ನೆಲಕ್ಕೆ ತಾಗುವ ಮೊದಲೇ ಮಲಗಿದಳು. ನಿಂಬೆವ್ವ ಸ್ನಾನಕ್ಕೆ ಹೋದಳು. ಅಡಿವೆಪ್ಪ ಮನೆಯ ನಡುವೆ ಕಿವಿ ನಿಮಿರಿಸಿ ನಿಂತ.

ಕೋಳಿ ಕೊಕ್ ಅಂದಿತು. ಕೋಳಿ ಹೊರಗೆ. ಆಡು ಮ್ಯಾ ಅಂದಿತು. ಆಡು ಹೊರಗೆ. ಗಾಳಿಗೆ ತಾಟು ಠಣ್ ಅಂದಿತು. ತಾಟು, ತಂಬಿಗೆ, ಚರಿಗೆ, ಕೊಡ ಎಲ್ಲ ಹೊರಗೆ. ಹೊತ್ತು ಹಾಕಿ ಬರುವಾಗ ಬಾಗಿಲು ಕಿರ್ ಅಂದಿತು. ಬಾಗಿಲನ್ನೇ ಕಿತ್ತು ಹೊರಗಿನ ಗೋಡೆಗೆ ಆನಿಸಿದ. ಈಗ ಸುಮ್ಮನಾಯಿತು ಅಂದುಕೊಂಡ. ಇಲ್ಲ! ಎಲ್ಲೋ ಗೊರ್ ಗೊರ್ ಅನ್ನುತ್ತಿದೆ. ಹುಡುಕಿದ. ಅವ್ವ! ಎಷ್ಟೋ ದಿನಕ್ಕೆ ಕಣ್ಣು ಹತ್ತಿ ಗೊರಕೆ ಹೊಡೆಯುತ್ತಿದ್ದಾಳೆ. ಚಾಪೆ ಸಮೇತ ಎತ್ತಿ ಬೀದಿಯ ಕಟ್ಟೆಯ ಮೇಲೆ ಇಟ್ಟು, ಬಿಸಿಲು ಬೀಳದಿರಲಿ ಅಂತ ಮುಖದ ತನಕ ಧೋತರ ಹೊದಿಸಿ ಬಂದ. ಅಷ್ಟರಲ್ಲಿ ಒಳಗೆ ಕುವ್ವಾ ಅಂತ ಶುರುವಾಯಿತು. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಪ್ಪಳ ಅದೇ ಅಲ್ಲವೇ? ಕೂಸನ್ನೂ ಒಯ್ದು ಅಜ್ಜಿಯ ಮಗ್ಗುಲಿಗೆ ಇಟ್ಟ. ಆಮೇಲೆ ಒಳಗೆ ಬಂದು ಕಾಲು ಚಾಚಿ ಕೂತ. ಮನೆ ಎಷ್ಟು ತಣ್ಣಗಿತ್ತು ಅಂತೀರಿ!

ನಿಂಬೆವ್ವ ಬಚ್ಚಲಿನಿಂದ ಬಂದಳು. "ಯಣ್ಣಾ, ಕೂಸೆಲ್ಲಿ?"

"ಹೊರಗ."

"ಅವ್ವ ಎಲ್ಲಿ?"

"ಹೊರಗ."

"ಬಾಗಿಲಾ ಎಲ್ಲೈತೋ!"

"ಹೊರಗ. ಮಾತಾಡಬ್ಯಾಡ ತಂಗೀ, ಇಲ್ಲಂದ್ರ ನಿನ್ನೂ ಇಡಬೇಕಾಗತೈತಿ!"

ಹೊರಗೆ ಏನಾಗಿತ್ತು ಅಂದರೆ, ನೆರೆಮನೆಯ ಪಾರವ್ವ ಕಟ್ಟೆ ನೋಡಿದ್ದಳು. ಚಾಪೆಯ ಮೇಲೆ ಹೊಳೆವ್ವ, ಮುಖದ ತನಕ ಬಿಳಿ ಬಟ್ಟೆ, ಬದಿಗೆ ಅಳುವ ಕೂಸು, ಸುತ್ತಲೂ ಹೊರಹಾಕಿದ ಪಾತ್ರೆ. ಹಳ್ಳಿಯಲ್ಲಿ ಮನುಷ್ಯರನ್ನು ಹೀಗೆ ಹೊರಗೆ ಮಲಗಿಸುವುದು ಯಾವಾಗ ಅಂತ ಯಾರಿಗೆ ಗೊತ್ತಿಲ್ಲ? "ಹ್ವಾದೇನ ಹೊಳೆವ್ವಾ! ಮೊಮ್ಮಗನ ಹಲ್ಲು ನೋಡದ ಹ್ವಾದೇನ!" ಅಂತ ಎದೆ ಬಡಿದುಕೊಂಡಳು. ಓಣಿಯ ಹೆಂಗಸರೆಲ್ಲ ಸೇರಿ ಹಾಡಿಕೊಂಡು ಅಳತೊಡಗಿದರು. ಹೊಳೆವ್ವ ಧೋತರ ಸರಿಸಿ ಎದ್ದು ಕೂತು, "ಯಾರ ಸತ್ರು?" ಅಂದಳು. ಹೆಂಗಸರು ಓಡಿದ ಓಟಕ್ಕೆ ಕೋಳಿಗಳು ಮಾಳಿಗೆ ಹತ್ತಿದವು.

ಆ ದಿನದ ಬೈಗುಳ ನಾನು ಹೇಳುವುದಿಲ್ಲ, ಚಿಕ್ಕವರು ಕೇಳುತ್ತಿದ್ದಾರೆ. ಕೊನೆಯದನ್ನಷ್ಟೇ ಹೇಳುತ್ತೇನೆ. "ಅತ್ತೋರನ್ನ ಹೊರಗ ಹಾಕೂದಲ್ಲೋ! ಅತ್ತೋರನ್ನ ಎತ್ತಿಕೊಂಡು, ಬೆನ್ನ ತಟ್ಟಿ, ತೊಟ್ಟಿಲಿಗೆ ಹಾಕಿ ಜೋಗುಳಾ ಹಾಡಬೇಕೋ!"

"ಅಷ್ಟ ಹೌದಿಲ್ಲೋ ಬೇ?"

ಅಡಿವೆಪ್ಪ ಜೋಗುಳ ಕಲಿತ. ಒಂದೇ ಸಾಲು, ಅದೂ ರಾಗವಿಲ್ಲದ್ದು. ಕೂಸಿಗೆ ಮಾತ್ರ ಅದು ಹಿಡಿಸಿತು, ಮಾವನ ಮೀಸೆ ಹಿಡಿದು ಕೇಳುತ್ತಿತ್ತು. ಮಲಗುತ್ತಿರಲಿಲ್ಲ, ಕೇಳುತ್ತಿತ್ತು. ಹೀಗೇ ಐದು ತಿಂಗಳು ಕಳೆದು ಹೋಯಿತು. ನಿಂಬೆವ್ವನ ಗಂಡನೂ ಅತ್ತೆ ಚಂಪವ್ವನೂ ತಾಯಿ-ಮಗುವನ್ನು ಕರೆದೊಯ್ಯಲು ಗಾಡಿ ಕಟ್ಟಿಕೊಂಡು ಬಂದರು.

ಇಲ್ಲಿ ದೊಡ್ಡವ್ವನ ದನಿ ಸಣ್ಣಗಾಗುತ್ತಿತ್ತಂತೆ. ನನ್ನ ಅಕ್ಕ ಹೇಳಿದ್ದು, ನಾನಂತೂ ನಿದ್ದೆಯಲ್ಲಿರುತ್ತಿದ್ದೆ.

ಉಡಿ ತುಂಬಿದರು. ನಿಂಬೆವ್ವ ಅವ್ವನ ಕುತ್ತಿಗೆ ತಬ್ಬಿ ಅತ್ತಳು. ಹೊಳೆವ್ವ ಅತ್ತಳು. ಪಾರವ್ವ ಅತ್ತಳು. ಇಷ್ಟು ಜನ ಅಳುವಾಗ ತಾನು ಸುಮ್ಮನೆ ನಿಂತರೆ ಚೆಂದವಲ್ಲ ಅಂತ ಬೀಗತಿ ಚಂಪವ್ವನೂ ಸೆರಗು ಕಣ್ಣಿಗೊತ್ತಿ ಹೋ ಅಂದಳು. ಜೋರಾಗಿ ಅತ್ತದ್ದು ಅವಳೇ. ಅಡಿವೆಪ್ಪ ನೋಡಿದ. ಬಂದವನೇ ಬೀಗತಿಯನ್ನು ಎರಡೂ ಕೈಯಲ್ಲಿ ಎತ್ತಿದ!

"ಅಯ್ಯಯ್ಯ, ಬಿಡೋ! ಏನಿದು ಬೀಗತೆವ್ವಾ, ನಿನ ಮಗಾ!"

ಬೆನ್ನು ತಟ್ಟಿದ. ತೊಟ್ಟಿಲಿಗೆ ಹಾಕಿದ. ಚಂಪವ್ವ ಒಳಗೆ ಮಡಚಿಕೊಂಡು ಕೂತಳು, ಕಾಲು ಹೊರಗೆ, ಕಾಲುಂಗುರ ಆಕಾಶಕ್ಕೆ. ಬಾವಿಯ ಹಗ್ಗ ತಡೆಯಿತು. ಅಡಿವೆಪ್ಪ ತೂಗುತ್ತ ತನ್ನ ಒಂದೇ ಸಾಲು ಹಾಡಿದ: "ಜೋ ಜೋ ನನ ಕೂಸ, ಹಲ್ಲಿಲ್ಲದ ಕೂಸ!"

ಚಂಪವ್ವನಿಗೆ ನಿಜಕ್ಕೂ ಮುಂದಿನ ನಾಲ್ಕು ಹಲ್ಲಿರಲಿಲ್ಲ. ಅವಳ ಮಗನೇ ಮೊದಲು ನಕ್ಕ. ನಿಂಬೆವ್ವ ಕಣ್ಣೀರಿನಲ್ಲೇ ನಕ್ಕಳು. ಕೊನೆಗೆ ಚಂಪವ್ವನೂ ತೊಟ್ಟಿಲಲ್ಲೇ ನಕ್ಕಳು, ಆದ್ದರಿಂದ ಸಂಬಂಧ ಉಳಿಯಿತು. ನಗುನಗುತ್ತ ಗಾಡಿ ಹೊರಟಿತು. ಅಲ್ಲಿ ಹೊಸ ತೊಟ್ಟಿಲು ಮಾಡಿಸಿದ್ದರಿಂದ ಹಳೆಯದು ಇಲ್ಲೇ ಉಳಿಯಿತು.

ಗಾಡಿ ಮರೆಯಾದ ಮೇಲೆ ಹೊಳೆವ್ವ ಮಗನ ಕಡೆ ತಿರುಗಿದಳು. "ಮೂಳಾ! ದೊಡ್ಡವರು ಅತ್ತರ ತೊಟ್ಟಿಲಿಗೆ ಹಾಕೂದೇನೋ? ಏನ ಬೇಕು ಅಂತ ಕೇಳಬೇಕು. ಕೇಳಿದ್ದನ್ನ ತಂದು ಕೊಡಬೇಕು!"

"ಅಷ್ಟ ಹೌದಿಲ್ಲೋ ಬೇ? ಇನ್ನೊಮ್ಮಿ ಹಂಗ ಮಾಡ್ತೀನಿ!"

ಆ ರಾತ್ರಿ ಹೊಳೆವ್ವ ಬೇಗ ಉಂಡಳು. ಕೌದಿ ಹಾಸಿದಳು. ಅಳುವವರಿಲ್ಲ, ಎಬ್ಬಿಸುವವರಿಲ್ಲ. ಐದು ತಿಂಗಳಿನಿಂದ ದೇವರನ್ನು ಕೇಳಿದ್ದು ಇದನ್ನೇ ಅಲ್ಲವೇ? ಕಣ್ಣು ಮುಚ್ಚಿದಳು. ನಿದ್ದೆ ಬರಲಿಲ್ಲ. ಎಡಕ್ಕೆ ಹೊರಳಿದಳು, ಬರಲಿಲ್ಲ. ಬಲಕ್ಕೆ ಹೊರಳಿದಳು, ಬರಲಿಲ್ಲ. ಕೈ ತಾನಾಗಿ ಹೋಗಿ ಬರಿಯ ಕೌದಿಯನ್ನು ತಟ್ಟುತ್ತಿತ್ತು. ಮೊದಲ ರಾತ್ರಿ ಹೀಗೆ, ಎರಡನೆಯ ರಾತ್ರಿ ಹೀಗೆ. ಮೂರನೆಯ ರಾತ್ರಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಅಡಿವೆಪ್ಪ ಎದ್ದು ಬಂದು ಅವಳ ಹತ್ತಿರ ಕೂತ. ಅವನ ಮುಖವೂ ಬಾಡಿತ್ತು. "ಏನ ಬೇಕವ್ವಾ?"

"ಏನಿಲ್ಲಪ್ಪ, ಮಲಗು ಹೋಗು."

"ಏನ ಬೇಕ ಹೇಳ ಬೇ."

"ಆ ಕೂಸಿನ ಅಳು ಬೇಕೋ ಅಡಿವ್ಯಾ," ಅಂದಳು ಹೊಳೆವ್ವ. "ಅದು ಅಳೂದು ಕೇಳೀ ಕೇಳೀ ರೂಢಿ ಆಗಿಬಿಟ್ಟೈತಿ. ಕುವ್ವಾ ಅಂದ್ರ ನಿದ್ದಿ ಬರತಿತ್ತೇನೋ."

"ಅಷ್ಟ ಹೌದಿಲ್ಲೋ ಬೇ?"

ಅಡಿವೆಪ್ಪ ಹೋಗಿ ತೊಟ್ಟಿಲು ಹತ್ತಿದ. ಮೊಣಕಾಲು ಗದ್ದಕ್ಕೆ ತಾಗಿತು, ಪಾದ ಹೊರಗೆ ನೇತಾಡಿತು. ಮೀಸೆ ಸರಿಮಾಡಿಕೊಂಡು ಬಾಯಿ ತೆರೆದ.

"ಕುವ್ವಾ! ಕುವ್ವಾ! ಕುವ್ವಾ!"

"ಏ ಹುಚ್ಚಾ! ಇಳಿಯೋ ಕೆಳಗ! ಓಣಿ ಮಂದಿ ಏನಂದಾರು? ಇಪ್ಪತ್ತೈದ ವರ್ಷದ ಕ್ವಾಣ, ತೊಟ್ಟಿಲದಾಗ..." ಹೊಳೆವ್ವ ಬೈಯುತ್ತಲೇ ಮಲಗಿದ್ದಲ್ಲಿಂದ ಕೈ ಚಾಚಿ ತೊಟ್ಟಿಲಿನ ಹಗ್ಗ ಹಿಡಿದಳು. ರೂಢಿಯ ಕೈ, ಒಂದು ಸಲ ಜೀಕಿತು. ಮತ್ತೊಂದು ಸಲ ಜೀಕಿತು. "ನಿನ್ನೂ ಇದರಾಗ ತೂಗಿನೋ ನಾನು... ನೀನೂ ಹಿಂಗ ಅಳತಿದ್ದಿ... ಸುಮ್ನಾಗ ನನ ಅಪ್ಪಾ... ಸುಮ್ನಾಗ..." ಅಂದಳು. ಆಮೇಲೆ ಬೈಗುಳ ನಿಂತಿತು. ಕೈ ಹಗ್ಗದ ಮೇಲೇ ಉಳಿಯಿತು. ಗೊರ್ ಅಂತ ಗೊರಕೆ ಬಂತು.

ಅಡಿವೆಪ್ಪ ಅಳುವುದನ್ನು ಬಿಡಲಿಲ್ಲ. ಕೇಳಿದ್ದನ್ನು ಕೊಡಬೇಕಲ್ಲ! ಮೊದಲ ಕೋಳಿ ಕೂಗಿದರೂ ಅಳುತ್ತಲೇ ಇದ್ದ. ಊರ ನಾಯಿಗಳೆಲ್ಲ ದನಿಗೂಡಿಸಿದವು. ಓಣಿಯಲ್ಲಿ ಒಬ್ಬರಿಗೂ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಕೊನೆಗೆ ಪಾರವ್ವ ಕಂದೀಲು ಹಿಡಿದು, ಹಿಂದೆ ಹತ್ತು ಮಂದಿಯನ್ನು ಕಟ್ಟಿಕೊಂಡು ಬಾಗಿಲಿಗೆ ಬಂದಳು.

"ಏ ಅಡಿವ್ಯಾ! ಏನ್ ಬಂದೈತೋ ನಿನಗ? ಬಾಯಿ ಮುಚ್ಚೋ!"

ಅಡಿವೆಪ್ಪ ಅಳು ನಿಲ್ಲಿಸಿದ. ತೊಟ್ಟಿಲಿನ ಅಂಚಿನ ಮೇಲಿಂದ ಮೀಸೆ ಎತ್ತಿ, ತುಟಿಗೆ ಬೆರಳಿಟ್ಟ.

"ಶ್! ಸಪ್ಪಳಾ ಮಾಡಬ್ಯಾಡ್ರಿ, ನಮ್ಮವ್ವ ಮಲಗ್ಯಾಳ," ಅಂದವನೇ ಮತ್ತೆ ಕುವ್ವಾ ಅಂತ ಶುರುಮಾಡಿದ.