ಎರಡು ಸ್ಪೀಕರು, ಒಂದು ದನಿ

“ಗುರುಗಳೇ, ಇಬ್ಬರಲ್ಲಿ ಯಾರನ್ನು ಕಳುಹಿಸಲಿ?” ಎಂದು ಈರಭದ್ರ ಕೇಳಿದ.

ಮಠದ ದಾಸೋಹದ ಉಸ್ತುವಾರಿ ಅವನದು. ಅಡಿಗೆಗೆ ಇಬ್ಬರಿದ್ದರು. ಒಬ್ಬೊಬ್ಬರೇ ಇದ್ದ ದಿನ ಉಂಡವರು ಕೈ ನೆಕ್ಕಿಕೊಂಡು ಏಳುತ್ತಿದ್ದರು. ಇಬ್ಬರೂ ಬಂದ ದಿನ ಅನ್ನ ಸೀಯುತ್ತಿತ್ತು, ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ನಾಳೆ ಒಬ್ಬನನ್ನು ಕೆಲಸದಿಂದ ಬಿಡಿಸುವುದೆಂದು ಅವನು ತೀರ್ಮಾನಿಸಿಯಾಗಿತ್ತು. ಯಾರನ್ನು ಎಂಬುದಷ್ಟೇ ಉಳಿದಿತ್ತು.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವರ್ತಕನಿದ್ದ. ಅವನ ಹೆಂಡತಿ ಚೆನ್ನಾಗಿ ಹಾಡುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದು ಒಂದು ಕ್ಯಾಸೆಟ್. ಅಂಗಡಿಗೆ ಹೊರಡುವ ಮುನ್ನ ದಿನವೂ ಅದನ್ನು ಕೇಳುತ್ತಿದ್ದ. ಅದಕ್ಕೆಂದೇ ಮನೆಯಲ್ಲಿ ಒಂದು ಆಂಪ್ಲಿಫೈಯರು, ಎಡಕ್ಕೊಂದು ಬಲಕ್ಕೊಂದು ಸ್ಪೀಕರು ಇಟ್ಟುಕೊಂಡಿದ್ದ.

ಒಂದು ವರ್ಷ ಆಯುಧಪೂಜೆಯ ಮರುದಿನ ಹಾಡು ಹಚ್ಚಿದರೆ ದನಿ ಸೊರಗಿತ್ತು. ಅದರ ತುಂಬುತನ ಹೋಗಿತ್ತು. ಎದುರಿಗೆ ಕೂತು ಹಾಡುತ್ತಿದ್ದವಳು ಎದ್ದು ಗೋಡೆಯಾಚೆಗೆ ಹೋದಂತಿತ್ತು. ಕ್ಯಾಸೆಟ್ ಸವೆಯಿತೆಂದು ವರ್ತಕ ಹೆದರಿದ. ಇದ್ದಷ್ಟಾದರೂ ಉಳಿಯಲಿ ಎಂದು ಕೇಳುವುದನ್ನೇ ಬಿಟ್ಟ.

ನೆಂಟನೊಬ್ಬ ಬಂದು, ಕ್ಯಾಸೆಟ್ಟಿನದಲ್ಲ, ಬಲಗಡೆಯ ಸ್ಪೀಕರಿನದೇ ದೋಷ ಎಂದ. ವರ್ತಕ ಅದನ್ನು ಬಿಚ್ಚಿ ಭಜನಾ ಮಂದಿರಕ್ಕೆ ಕೊಟ್ಟು, ಅದೇ ತಂತಿಗೆ ಹೊಸದೊಂದನ್ನು ಸಿಕ್ಕಿಸಿದ. ದನಿ ಗೋಡೆಯಾಚೆಯೇ ಉಳಿಯಿತು. ಹಾಗಾದರೆ ಎಡಗಡೆಯದೇ ಕಳ್ಳ ಎಂದುಕೊಂಡು ಅದನ್ನು ಬಿಚ್ಚಲು ಕೂತಿದ್ದಾಗ ಭಜನೆಯವರು ಬಂದರು. ಕೊಟ್ಟ ಸ್ಪೀಕರು ಬಂಗಾರದಂಥದ್ದು, ನಿಮಗೆ ಪುಣ್ಯ ಬರಲಿ ಎಂದು ಹರಸಿ ಹೋದರು. ವರ್ತಕನಿಗೆ ದಿಕ್ಕು ತೋಚದಾಯಿತು. ರೇಡಿಯೋ ರಿಪೇರಿಯ ಮುದುಕನಿಗೆ ಹೇಳಿಕಳುಹಿಸಿದ.

ಮುದುಕ ಬಂದವನು ಯಾವುದನ್ನೂ ಬಿಚ್ಚಲಿಲ್ಲ. ಹಾಡು ಹಚ್ಚಿಸಿ, ಒಂದು ಗುಂಡಿ ತಿರುಗಿಸಿ ಎಡಗಡೆಯದನ್ನು ಮಾತ್ರ ನುಡಿಸಿದ. ಹೆಂಡತಿಯ ದನಿ ತುಂಬಿಕೊಂಡು ಬಂತು. ವರ್ತಕ ಮುಖ ಪಕ್ಕಕ್ಕೆ ಮಾಡಿಕೊಂಡ. ಮುದುಕ ಬಲಗಡೆಯದನ್ನು ಮಾತ್ರ ನುಡಿಸಿದ; ಅದೂ ಹಾಗೆಯೇ. ಎರಡನ್ನೂ ಕೂಡಿಸಿದರೆ ಮತ್ತೆ ಗೋಡೆಯಾಚೆ.

“ಕ್ಯಾಸೆಟ್ಟಿಗೆ ಏನೂ ಆಗಿಲ್ಲ. ಇಬ್ಬರೂ ಸರಿಯಾಗೇ ಇದ್ದಾರೆ” ಎಂದ ಮುದುಕ. “ಒಬ್ಬ ಉಸಿರು ಬಿಡುವ ಹೊತ್ತಿಗೆ ಇನ್ನೊಬ್ಬ ಎಳೆದುಕೊಳ್ತಾನೆ. ಇವನು ಕೊಟ್ಟದ್ದನ್ನು ಅವನು ನುಂಗ್ತಾನೆ.”

ಆಮೇಲೆ ಆಂಪ್ಲಿಫೈಯರನ್ನು ಆರಿಸಿ ಬೆನ್ನು ಮುಂದಾಗಿ ತಿರುಗಿಸಿದ. ಒಂದೊಂದು ಸ್ಪೀಕರಿನ ಎರಡೆರಡು ತಂತಿಗೆ ಅದರ ಬೆನ್ನಲ್ಲಿ ಒಂದು ಕೆಂಪು, ಒಂದು ಕಪ್ಪು ತಿರುಪು ಇರುತ್ತವೆ. ವರ್ತಕ ಭಕ್ತಿವಂತ. ಪೂಜೆಯ ದಿನ ತಂತಿಗಳನ್ನೆಲ್ಲ ಬಿಚ್ಚಿ, ಧೂಳು ಒರೆಸಿ, ಒಂದು ತಿರುಪನ್ನೂ ಬಿಡದೆ ಗಂಧ ಕುಂಕುಮ ಹಚ್ಚಿದ್ದ. ಕಪ್ಪು ತಿರುಪೂ ಕೆಂಪಾಗಿತ್ತು. ಮರಳಿ ಕಟ್ಟುವಾಗ ಒಂದು ಬದಿಯ ತಂತಿಗಳು ಅದಲುಬದಲಾಗಿ, ಆ ಬದಿಯ ಉಸಿರು ತಿರುವುಮುರುವಾಗಿತ್ತು.

“ಪೂಜೆಯೇನೋ ಭರ್ಜರಿ ಆಗಿದೆ, ಯಜಮಾನರೇ” ಎಂದು ಮುದುಕ ಪಂಚೆಯ ತುದಿಯಿಂದ ತಿರುಪು ಉಜ್ಜಿ, ಆ ಎರಡು ತಂತಿಗಳ ಜಾಗ ಬದಲಿಸಿದ. ಹಾಡು ಬಂದು ಎದುರಿಗೆ ಕೂತಿತು.

ಈರಭದ್ರನಿಗೆ ನಗು ತಡೆಯಲಾಗಲಿಲ್ಲ. ತಂತಿ ಕಟ್ಟಿದವನು ತಾನು, ಮನೆ ಬಿಟ್ಟು ಹೋದದ್ದು ಪಾಪದ ಸ್ಪೀಕರು. ಎಂಥ ಪುಣ್ಯಾತ್ಮನಪ್ಪ ಆ ವರ್ತಕ ಎಂದ.

ಗುರುಗಳೂ ನಕ್ಕರು. ಆಮೇಲೆ ಕೇಳಿದರು: “ಅಡಿಗೆಯ ಇಬ್ಬರಿಗೂ ದಿನ ಬೆಳಗ್ಗೆ ಕೆಲಸ ಹೇಳುವವರು ಯಾರು?”