ಉದುರಿದ ಸೀಬೆಹಣ್ಣಿನ ದಾವೆ

ಈ ವ್ಯಾಜ್ಯ ನಡೆದಾಗ ಆ ಸೀಬೆ ಮರದಡಿ ಇದ್ದ ಮನುಷ್ಯ ನಾನೊಬ್ಬನೇ. ಹಾಗಾಗಿ ನೀವು ನಂಬಲೇಬೇಕು.

ಗಿಣಿ ಮತ್ತು ಅಳಿಲು ವ್ಯಾಪಾರದಲ್ಲಿ ಪಾಲುದಾರರು. ಮಾಗಿದ ಹಣ್ಣನ್ನು ಗಿಣಿ ಗುರುತಿಸಬೇಕು, ಅಳಿಲು ಕಿತ್ತು ಸಂತೆಗೆ ಸಾಗಿಸಬೇಕು, ಲಾಭ ಸಮಪಾಲು. ಎಲ್ಲವೂ ಬಾಯಿಮಾತು. ಒಂದು ಬೆಳಗ್ಗೆ ಬೀಸಿದ ಗಾಳಿಗೆ ನೂರು ಹಣ್ಣು ತಾವಾಗಿಯೇ ಉದುರಿದವು.

“ನೀನು ಕೀಳಲಿಲ್ಲ, ಪೂರ್ತಿ ನನ್ನವು,” ಎಂದಿತು ಗಿಣಿ.

“ನೀನು ಗುರುತಿಸಲೂ ಇಲ್ಲವಲ್ಲ ಮಾರಾಯ! ನೆಲಕ್ಕೆ ಬಿದ್ದದ್ದು ನನ್ನದು,” ಎಂದಿತು ಅಳಿಲು.

ಅಳಿಲು ವಕೀಲ ಆಮೆಯ ಬಳಿಗೆ ಓಡಿತು. ಗಿಣಿಯೂ ಬೆನ್ನಿಗೇ ಹಾರಿತು.

“ದಾವೆ ಹೂಡಿ ಸ್ವಾಮಿ! ನಾನು ಗೆಲ್ಲುತ್ತೇನೆ ತಾನೆ?” ಎಂದಿತು ಅಳಿಲು.

“ಧಾರಾಳವಾಗಿ ಗೆಲ್ಲಬಹುದು,” ಎಂದಿತು ಆಮೆ. “ನಿಮ್ಮ ಮುತ್ತಜ್ಜನೂ ಹೀಗೇ ಕೇಳಿದ್ದರು. ಅವರ ದಾವೆಗೆ ಮುಂದಿನ ಗುರುವಾರ ವಾಯಿದೆ ಇದೆ.”

“ಅದು ಯಾವ ದಾವೆ?”

“ಇದೇ. ಉದುರಿದ ಹಣ್ಣಿನದು.”

ಅಳಿಲು ಗಿಣಿಯ ಮುಖ ನೋಡಿತು. ಮಧ್ಯಾಹ್ನದೊಳಗೆ ನೂರು ಹಣ್ಣೂ ಸಂತೆ ಸೇರಿದವು, ಲಾಭ ಸಮಪಾಲಾಯಿತು.

ಮರುವರ್ಷ ಇಬ್ಬರೂ ಹಣ್ಣಿನ ಕಾಲಕ್ಕೆ ಮುಂಚಿತವಾಗಿಯೇ ಆಮೆಯ ಬಳಿಗೆ ಬಂದರು. “ಉದುರಿದ್ದೂ ಸಮಪಾಲು ಎಂದು ಕರಾರು ಬರೆದುಕೊಡಿ, ಸ್ವಾಮಿ.”

ಆ ಒಂದು ಸಾಲು ಬರೆಯಲು ಆಮೆಗೆ ಒಂದು ತಿಂಗಳು ಹಿಡಿಯಿತು. ಆದರೂ ಮರ ಇನ್ನೂ ಹೂ ಬಿಟ್ಟಿರಲಿಲ್ಲ.